ರೋಗಿವೃತ್ತಾಂತದ ಗದ್ಯ

ಶಾಸನಗಳ ಗದ್ಯವನ್ನೂ ಕಡತ ಬಖೈರುಗಳ ಗದ್ಯವನ್ನೂ ಸಾಹಿತ್ಯವಿಮರ್ಶೆಯು ತನ್ನ ವಿಷಯವೆಂದು ಅಂಗೀಕರಿಸಿ ಬಹುಕಾಲವಾಯಿತು. ದಾನಶಾಸನವನ್ನು ಬರೆಯಿಸಿದವನಿಗೆ ಭೂಮಿಯ ಎಲ್ಲೆಯೇ ಮುಖ್ಯವಾಗಿದ್ದಿತು. ಓದುವ ನಾವಾದರೋ ಆ ಎಲ್ಲೆಯ ವಿವರದಲ್ಲಿ ಒಂದು ಕಾಲದ ನುಡಿಯನ್ನೂ ಬಾಳನ್ನೂ ಕಾಣುತ್ತೇವೆ. ಹೀಗಿರಲು, ದಿನದಿನವೂ ಅಪಾರವಾಗಿ ಬರೆಯಲ್ಪಡುತ್ತಿರುವ, ಮನುಷ್ಯನ ಸಾವುಬದುಕುಗಳನ್ನೇ ವಸ್ತುವಾಗಿ ಉಳ್ಳ ಒಂದು ಗದ್ಯಪ್ರಕಾರವನ್ನು ನಮ್ಮ ವಿಮರ್ಶಕರು ಇನ್ನೂ ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಬೋಧನಾಸ್ಪತ್ರೆಗಳಲ್ಲಿ ವೈದ್ಯರು ಒಬ್ಬೊಬ್ಬ ರೋಗಿಯನ್ನು ಕುರಿತು ಬರೆದು, ವಿದ್ಯಾರ್ಥಿಗಳ ಮುಂದೆ ಓದಿ, ಚರ್ಚಿಸಿ, ಪತ್ರಿಕೆಗಳಲ್ಲಿ ಅಚ್ಚುಹಾಕಿಸುವ ವೃತ್ತಾಂತಗಳೇ ಆ ಗದ್ಯ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದೇ ಮೊದಲನೆಯ ಪ್ರಶ್ನೆ. 'ಪ್ರಕರಣ'ವೆಂದು ಈಗ ರೂಢಿಯಲ್ಲಿರುವ ಮಾತಿಗೆ ನ್ಯಾಯಸ್ಥಾನದ ವಾಸನೆಯುಂಟು. 'ರೋಗಚರಿತೆ'ಯೆಂದರೆ ರೋಗವೇ ಕಥಾನಾಯಕನಾಗಿ, ರೋಗಿಯು ಅದು ನಡೆದುಹೋದ ದಾರಿ ಮಾತ್ರವಾಗುತ್ತಾನೆ. 'ರೋಗಿವೃತ್ತಾಂತ'ವೆಂದಲ್ಲಿ ನಾಯಕನು ಮನುಷ್ಯನು. ಈ ಮೂರರಲ್ಲಿ ಯಾವುದು ತಕ್ಕ ಹೆಸರೆಂಬುದು ಬರಿಯ ಪಾರಿಭಾಷಿಕ ಚರ್ಚೆಯಲ್ಲ. ಇಂಥ ಬರಹವು ಯಾರ ಕಥೆಯೆಂಬ ವಿವಾದವು ಅದರೊಳಗೆ ಅಡಗಿದೆ. ಈ ಲೇಖನದಲ್ಲಿ ಮೂರನೆಯ ಹೆಸರನ್ನು ಬಳಸಿದೆ. ಅದು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪರೀಕ್ಷಿಸುವುದಕ್ಕೆ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೃತ್ತಾಂತಮಾಲೆಯನ್ನು ಆರಿಸಿಕೊಂಡಿದೆ. ೧೯೨೩ರಿಂದ ಎಡೆಬಿಡದೆ ಒಂದೇ ಪತ್ರಿಕೆಯಲ್ಲಿ ಪ್ರಕಟವಾಗುತ್ತ ಬಂದಿರುವ ಈ ಮಾಲೆಯಷ್ಟು ದೀರ್ಘವಾದ ಸಾಮಗ್ರಿಯು ವಿಮರ್ಶಕನಿಗೆ ಬೇರೆ ಕಡೆ ಸುಲಭವಾಗಿ ದೊರೆಯದು.

ಈ ಪ್ರಕಾರದ ಮೂಲಪುರುಷನನ್ನು ಹುಡುಕಿದರೆ ಗ್ರೀಕರ ಹಿಪೋಕ್ರಟೀಸನ ಹೆಸರಿನಲ್ಲಿ ನಡೆದುಬಂದಿರುವ ಗ್ರಂಥಸಮೂಹಕ್ಕೆ ಹೋಗಬೇಕು. ಅದರಲ್ಲಿ 'ಎಪಿಡೆಮಿಕ್ಸ್' ಎಂಬುದರ ಒಂದನೆಯ ಮತ್ತು ಮೂರನೆಯ ಭಾಗಗಳಲ್ಲಿ ೪೨ ಮಂದಿ ರೋಗಿಗಳ ದಿನಚರಿಯಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಡಿದರು. ಬರೆದಾತನು ಅದನ್ನು ಮುಚ್ಚಿಡುವುದಿಲ್ಲ. ಥಾಸಾಸ್ ದ್ವೀಪದಲ್ಲಿ ಗೋಡೆಯ ಬಳಿ ವಾಸವಾಗಿದ್ದ ಫಿಲಿಸ್ಕಸ್ ಎಂಬಾತನು ಜ್ವರದಿಂದ ಮಲಗಿ ಆರನೆಯ ದಿನ ತೀರಿಕೊಂಡನು. ಅವನ ಉಸಿರು ಬಹಳ ಹೊತ್ತು ನಿಂತು ನಿಂತು ಬರುತ್ತಿದ್ದುದನ್ನು ಹೇಳುವಾಗ ಗ್ರಂಥಕಾರನು, ಮರೆತ ಕೆಲಸವನ್ನು ನೆನಪಿಗೆ ತಂದುಕೊಳ್ಳುವವನ ರೀತಿಗೆ ಅದನ್ನು ಹೋಲಿಸುತ್ತಾನೆ. ಈ ಉಪಮೆಯು ಅಲಂಕಾರಕ್ಕಾಗಿ ಬಂದುದಲ್ಲ. ಕಂಡುದನ್ನು ಕಂಡಂತೆ ಹೇಳಲು ಬೇರೆ ದಾರಿಯಿಲ್ಲದೆ ಬಂದದ್ದು. ಆದುದರಿಂದಲೇ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಅದು ಹಳಸಿಲ್ಲ. ಇನ್ನೊಂದು ವಿಶೇಷವನ್ನು ಗಮನಿಸಬೇಕು. ಈ ರೋಗಿಗಳಲ್ಲಿ ಬಹುಮಂದಿಗೆ ಹೆಸರಿದೆ, ಮನೆಯ ಗುರುತಿದೆ. ಹೆಸರಿಲ್ಲದ ಕಡೆಯಲ್ಲಿಯೂ ಅಬ್ಡೆರಾ ಊರಿನ ಪವಿತ್ರಮಾರ್ಗದ ಪಕ್ಕದಲ್ಲಿ ಮಲಗಿದ್ದ ಕನ್ಯೆ ಎಂದು ಸ್ಥಳವನ್ನಾದರೂ ಹೇಳಿದೆ. ರೋಗಿಯು ಊರಿನೊಳಗೆ, ತನ್ನ ಮನೆಯೊಳಗೆ ಮಲಗಿದ್ದಾನೆ. ವೈದ್ಯನೇ ಅಲ್ಲಿಗೆ ನಡೆದುಹೋಗಿದ್ದಾನೆ.

ಆಸ್ಪತ್ರೆಯಲ್ಲಿ ಈ ಸಂಬಂಧವು ತಿರುಗುಮುರುಗಾಯಿತು. ರೋಗಿಯು ಮನೆಯನ್ನು ಬಿಟ್ಟು ವೈದ್ಯನ ಮನೆಗೆ ಬಂದನು.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯು ೧೮೧೧ರಲ್ಲಿ ಸನ್ನದನ್ನು ಪಡೆದು ೧೮೨೧ರಲ್ಲಿ ರೋಗಿಗಳಿಗೆ ತೆರೆಯಿತು. ೧೮೪೬ನೆಯ ಅಕ್ಟೋಬರ್ ೧೬ರಂದು ಈಥರನ್ನು ಮೂಸಿಸಿ ರೋಗಿಗೆ ಅರಿವು ತಪ್ಪಿಸಿ ನೆರೆದವರ ಎದುರಿನಲ್ಲಿ ಶಸ್ತ್ರಚಿಕಿತ್ಸೆಯನ್ನು ನಡೆಯಿಸಿದ್ದು ಇಲ್ಲಿಯೇ. ಹಾರ್ವರ್ಡ್ ವಿದ್ಯಾಪೀಠದ ವೈದ್ಯವಿದ್ಯಾರ್ಥಿಗಳು ಕಲಿಯುವುದೂ ಇಲ್ಲಿಯೇ. ೧೯೦೦ರಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿದ್ಯಾರ್ಥಿಯೊಬ್ಬನು, ಉಪನ್ಯಾಸಗಳಿಂದ ಬೇಸತ್ತು, ವೈದ್ಯವನ್ನು ಕಲಿಸುವ ಹೊಸ ಕ್ರಮವೊಂದನ್ನು ಸೂಚಿಸಿ ಲೇಖನವನ್ನು ಬರೆದನು. ಅವನೊಡನೆ ಒಂದೇ ಕೋಣೆಯಲ್ಲಿ ವಾಸಮಾಡುತ್ತಿದ್ದವನು ಕಾನೂನಿನ ವಿದ್ಯಾರ್ಥಿ; ಆ ಶಾಲೆಯಲ್ಲಿ ಲ್ಯಾಂಗ್ಡೆಲ್ ಎಂಬ ಪ್ರಾಧ್ಯಾಪಕನು ೧೮೭೦ರಿಂದ ನ್ಯಾಯಸ್ಥಾನದ ತೀರ್ಪುಗಳನ್ನೇ ಪಠ್ಯವಾಗಿಟ್ಟು ಪಾಠ ಹೇಳುವ ಪದ್ಧತಿಯನ್ನು ತಂದಿದ್ದನು. ಗೆಳೆಯನ ಉತ್ಸಾಹವನ್ನು ಕಂಡು ಕ್ಯಾನನ್ನನು, ರೋಗಿಗಳ ದಾಖಲೆಗಳನ್ನೂ ಹೀಗೆಯೇ ಅಚ್ಚುಮಾಡಿ ಕೈಗೆ ಕೊಟ್ಟು ಚರ್ಚಿಸಬಾರದೇಕೆ ಎಂದು ಕೇಳಿದನು. ಮೇಲೆ ಹೇಳಿದ ನ್ಯಾಯಸ್ಥಾನದ ವಾಸನೆಯು ಆಕಸ್ಮಿಕವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಈ ಸೂಚನೆಯನ್ನು ಕೈಗೆತ್ತಿಕೊಂಡು ಬೆಳೆಯಿಸಿದವನು ಅದೇ ಆಸ್ಪತ್ರೆಯ ರಿಚರ್ಡ್ ಕ್ಯಾಬಟ್. ೧೯೧೦ರ ಸುಮಾರಿಗೆ ಪ್ರಾರಂಭವಾದ ಆತನ ಚರ್ಚಾಗೋಷ್ಠಿಗಳ ವರದಿಯೇ ೧೯೨೩ರಿಂದ ಬಾಸ್ಟನ್ನಿನ ವೈದ್ಯಪತ್ರಿಕೆಯಲ್ಲಿ ಕ್ರಮವಾಗಿ ಬರತೊಡಗಿತು. ಆ ಪತ್ರಿಕೆಯೇ ೧೯೨೮ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ಹೆಸರನ್ನು ತಳೆಯಿತು.

ಈ ವೃತ್ತಾಂತಗಳ ಕಟ್ಟಡವು ಸಾಹಿತ್ಯಾಭ್ಯಾಸಿಗೆ ಅಪರಿಚಿತವಾದುದಲ್ಲ. ಮೊದಲಲ್ಲಿ ರೋಗಿಯ ವಯಸ್ಸು, ಲಿಂಗ, ಬಂದ ಕಾರಣ. ಬಳಿಕ ದೇಹಪರೀಕ್ಷೆ, ರಕ್ತಾದಿಗಳ ಪರೀಕ್ಷೆ. ಮುಂದೆ, ನಿರ್ಣಯವೇನೆಂಬುದನ್ನು ಅರಿಯದ ವೈದ್ಯನೊಬ್ಬನು ಎದ್ದುನಿಂತು, ಇದು ಈ ರೋಗವಿರಬಹುದೆ, ಅಲ್ಲ, ಏತಕ್ಕೆಂದರೆ ಆ ಲಕ್ಷಣವಿಲ್ಲ. ಅದಿರಬಹುದೆ, ಇದ್ದರೆ ಈ ಚಿಹ್ನೆಯು ಹೇಗೆ ಬಂದಿತು, ಎಂದು ಒಂದೊಂದನ್ನೇ ಎತ್ತಿ ಇಳಿಸುತ್ತಾ ತನ್ನ ಅಭಿಪ್ರಾಯವನ್ನು ಹೇಳುತ್ತಾನೆ. ಕಟ್ಟಕಡೆಗೆ ರೋಗವಿಕಾರಶಾಸ್ತ್ರಜ್ಞನು, ಶವಪರೀಕ್ಷೆಯಲ್ಲಿಯೋ ಸೂಕ್ಷ್ಮದರ್ಶಕದ ಕೆಳಗೋ ಕಂಡುದನ್ನು ಪ್ರಕಟಿಸುತ್ತಾನೆ. ಭರತನು ಹೇಳಿದ ಐದು ಸಂಧಿಗಳಲ್ಲಿ ನಾಲ್ಕನೆಯದಕ್ಕೆ ವಿಮರ್ಶವೆಂದು ಹೆಸರು; ಫಲಪ್ರಾಪ್ತಿಗೆ ಹತ್ತಿರವಾದಾಗಲೇ ಸಂದೇಹವು ಬಲವಾಗುವ ಸ್ಥಾನವದು. ವೈದ್ಯರ ಚರ್ಚೆಯ ಭಾಗವು ಹೆಸರಿನಿಂದಲೂ ಗುಣದಿಂದಲೂ ವಿಮರ್ಶಸಂಧಿಯೇ. ನಿರ್ವಹಣದಲ್ಲಿ ಅದ್ಭುತರಸವಿರಬೇಕೆಂಬ ಲಾಕ್ಷಣಿಕರ ನಿಯಮವನ್ನು ಬಾಸ್ಟನ್ನಿನ ವೈದ್ಯರು ಓದದೆಯೇ ಪಾಲಿಸಿದ್ದಾರೆ.

ಆದರೆ ನಾಟಕದ ಕಟ್ಟಡವಿದ್ದ ಮಾತ್ರಕ್ಕೆ ನಾಟಕದ ರಸವು ಬರುವುದಿಲ್ಲ. ಈ ಮಾಲೆಯ ಅನೇಕ ವೃತ್ತಾಂತಗಳನ್ನು ಓದಿ ಮುಗಿಸಿದಾಗ ಉಳಿಯುವುದು ಒಗಟನ್ನು ಬಿಡಿಸಿದ ಸಂತೋಷ. ಒಗಟಿಗೆ ಉತ್ತರ ಸಿಕ್ಕಿದ ಮೇಲೆ ಒಗಟಿನೊಳಗಿನ ಕುದುರೆಯೋ ಬಾವಿಯೋ ಏನಾಯಿತೆಂದು ಯಾರೂ ಕೇಳುವುದಿಲ್ಲವಷ್ಟೆ. ಹಾಗೆಯೇ ಇಲ್ಲಿ ರೋಗಿಯು ಏನಾದನೆಂಬ ಪ್ರಶ್ನೆಯು ಹಿಂದೆ ಬೀಳುತ್ತದೆ. ಹಳೆಯ ಸಂಚಿಕೆಗಳಲ್ಲಿ ಉತ್ತರವು ಬಹುಮಟ್ಟಿಗೆ ಶವದಿಂದ ಬರುತ್ತಿದ್ದುದರಿಂದ ಆ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಈಚಿನ ದಶಕಗಳಲ್ಲಿ ಬದುಕಿರುವ ರೋಗಿಗಳ ವೃತ್ತಾಂತಗಳು ಹೆಚ್ಚಾಗಿವೆ. ಚಿಕಿತ್ಸೆ ಫಲಿಸಿತೆ, ಮನೆಗೆ ಹೋದರೆ ಎಂಬುದನ್ನು ಹೇಳುವ ವಾಡಿಕೆಯೂ ಬಂದಿದೆ. ಇದು ಒಳ್ಳೆಯದು. ಆದರೂ ಶೀರ್ಷಿಕೆಗಳ ಸೂತ್ರವು ಇಂತಿಷ್ಟು ವರ್ಷದ ಪುರುಷ, ಇಂತಹ ಲಕ್ಷಣ ಎಂದೇ ಇದೆ. ರೋಗಿಯ ಗುಟ್ಟನ್ನು ಕಾಯುವುದಕ್ಕೆ ಹೆಸರನ್ನು ಬಿಡಬೇಕಾದುದು ನ್ಯಾಯವೇ. ಹೆಸರಿನೊಡನೆ ಕಸುಬನ್ನೂ ಮನೆಯನ್ನೂ ಮಾತನ್ನೂ ಬಿಡಬೇಕಾದ ನ್ಯಾಯವಾವುದು?

ಕ್ಯಾಬಟ್ಟನಿಗೆ ಈ ಕೊರತೆ ತಿಳಿಯದಿರಲಿಲ್ಲವೆಂಬುದು ಅವನ ವಿಷಯದಲ್ಲಿ ನಮಗೆ ಗೌರವವನ್ನು ಹುಟ್ಟಿಸುತ್ತದೆ. ರೋಗಿಯ ಮನೆ ಸಂಸಾರ ದುಡಿಮೆಗಳನ್ನು ಅರಿಯದೆ ಔಷಧಿಯನ್ನು ಬರೆದುಕೊಡುವುದು ವ್ಯರ್ಥವೆಂದು ಕಂಡು ಅವನು ೧೯೦೫ರಲ್ಲಿಯೇ ಆಸ್ಪತ್ರೆಯಲ್ಲಿ ಸಮಾಜಸೇವಕಿಯನ್ನು ನೇಮಿಸುವ ಏರ್ಪಾಡನ್ನು ಮಾಡಿದನು. ಆ ವಿಭಾಗವನ್ನು ಮುಂದೆ ಬಹುಕಾಲ ನಡೆಯಿಸಿದವಳು ಮೇಲೆ ಹೇಳಿದ ಕ್ಯಾನನ್ನನ ಸೋದರಿ ಐಡಾ ಕ್ಯಾನನ್. ಅಣ್ಣನು ರೋಗಿಯನ್ನು ಕಾಗದದ ಮೇಲೆ ತಂದನು; ತಂಗಿಯು ರೋಗಿಯನ್ನು ಮನೆಯವರೆಗೆ ಹಿಂಬಾಲಿಸಿದಳು. ದುರದೃಷ್ಟವೆಂದರೆ ಅಣ್ಣನ ಗದ್ಯದೊಳಕ್ಕೆ ತಂಗಿಯ ಗದ್ಯವು ಬರಲೇ ಇಲ್ಲ.

ಮತ್ತೊಂದು ವಿಷಯದಲ್ಲಿ ಕ್ಯಾಬಟ್ಟನ ಧೈರ್ಯವು ದೊಡ್ಡದು. ೧೯೧೨ರಲ್ಲಿ ಅವನು ೩,೦೦೦ ಶವಪರೀಕ್ಷೆಗಳನ್ನು ವೈದ್ಯರು ಮೊದಲು ಮಾಡಿದ್ದ ನಿರ್ಣಯಗಳೊಡನೆ ಹೋಲಿಸಿ, ತಪ್ಪುಗಳ ಪಟ್ಟಿಯನ್ನು ಪ್ರಕಟಿಸಿದನು. ಮಧುಮೇಹವನ್ನು ೧೦೦ಕ್ಕೆ ೯೫ ಬಾರಿ ಸರಿಯಾಗಿ ಗುರುತಿಸಿದ್ದ ವೈದ್ಯರು ಮೂತ್ರಪಿಂಡದ ತೀವ್ರವಾದ ಉರಿಯೂತವನ್ನು ೧೬ ಬಾರಿ ಮಾತ್ರ ಗುರುತಿಸಿದ್ದರು. ಸಮವ್ಯವಸಾಯಿಗಳಿಗೆ ಇದು ರುಚಿಸದಿದ್ದುದು ಆಶ್ಚರ್ಯವಲ್ಲ. ಅದೇ ಆಸ್ಪತ್ರೆಯ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಇನ್ನೂ ಮುಂದೆ ಹೋದನು. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿಯಿರಬೇಕು. ಚಿಕಿತ್ಸೆಯಾದ ಒಂದು ವರ್ಷದ ಮೇಲೆ ಅವನು ಹೇಗಿದ್ದಾನೆಂಬುದನ್ನು ವಿಚಾರಿಸಿ ಅದರಲ್ಲಿ ಬರೆಯಬೇಕು. ಫಲ ಸಿಕ್ಕದಿದ್ದರೆ ಏತಕ್ಕೆ ಸಿಕ್ಕಲಿಲ್ಲವೆಂಬುದನ್ನೂ ಬರೆಯಬೇಕೆಂದು ವಾದಿಸಿದನು. ಆಸ್ಪತ್ರೆಯವರು ಒಪ್ಪದಿರಲು ೧೯೧೪ರಲ್ಲಿ ಹುದ್ದೆಯನ್ನು ಬಿಟ್ಟನು. ತಾನೇ ೧೯೧೧ರಲ್ಲಿ ತೆರೆದಿದ್ದ ಸಣ್ಣ ಆಸ್ಪತ್ರೆಯ ೩೩೭ ರೋಗಿಗಳ ವೃತ್ತಾಂತವನ್ನು ಅಚ್ಚುಹಾಕಿಸಿ, ೧೨೩ ತಪ್ಪುಗಳನ್ನು ತನ್ನ ಕೈಯಿಂದಲೇ ಪಟ್ಟಿಮಾಡಿದನು. ೧೯೪೦ರಲ್ಲಿ ಅವನು ಸತ್ತಾಗ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ. ೨೦೧೪ರಲ್ಲಿ ಅದನ್ನು ನೆಟ್ಟರು. ಸಾಹಿತ್ಯದೃಷ್ಟಿಯಿಂದ ನೋಡಿದರೆ ಕಾಡ್ಮನ್ನನ ಚೀಟಿಗಳು ಕ್ಯಾಬಟ್ಟನ ಗೋಷ್ಠಿಗಳಷ್ಟು ರೋಚಕವಲ್ಲ. ಅವುಗಳಲ್ಲಿ ಸಂಧಿಗಳಿಲ್ಲ, ಅದ್ಭುತವಿಲ್ಲ. ಆದರೆ ಕಥೆಯು ವೈದ್ಯನ ಜಾಣತನ ಮುಗಿದಲ್ಲಿ ಮುಗಿಯದೆ ರೋಗಿಯ ಬಾಳು ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ಹೋಗುತ್ತದೆ. ಯಾವುದು ಪೂರ್ಣವಾದ ಕಥೆಯೆಂದು ಕೇಳಿದರೆ ನಾವು ಚೀಟಿಯ ಪಕ್ಷವನ್ನೇ ಹಿಡಿಯಬೇಕಾದೀತು.

ಇನ್ನು ಭಾಷೆಯ ವಿಚಾರ. ರೋಗಿಯನ್ನು ನೋಡಬೇಕು, ಮುಟ್ಟಬೇಕು, ಕೇಳಬೇಕು ಎಂದು ವಾಗ್ಭಟನು ಪರೀಕ್ಷೆಯನ್ನು ಮೂರಾಗಿ ವಿಂಗಡಿಸಿದ್ದಾನೆ. ದರ್ಶನ ಸ್ಪರ್ಶನಗಳು ಯಂತ್ರಗಳ ಸಹಾಯದಿಂದ ಹಿಂದಿನವರು ಊಹಿಸಲಾರದಷ್ಟು ಬೆಳೆದಿವೆ. ಪ್ರಶ್ನವು ಮಾತ್ರ ಇದ್ದಲ್ಲಿಯೇ ಇದೆಯೆಂದಲ್ಲ, ಕುಗ್ಗಿದೆ. ಇಂಗ್ಲಿಷ್ ದಾಖಲೆಗಳಲ್ಲಿ ರೋಗಿಯ ಮಾತನ್ನು ಹೇಳಲು ಬಳಸುವ ಕ್ರಿಯಾಪದಗಳನ್ನು ನೋಡಿರಿ: ರೋಗಿಯು ದೂರುತ್ತಾನೆ, ಕೆಮ್ಮಿಲ್ಲವೆಂದರೆ ಕೆಮ್ಮನ್ನು ನಿರಾಕರಿಸುತ್ತಾನೆ, ಕುಡಿಯುತ್ತೇನೆಂದರೆ ಕುಡಿತವನ್ನು ಒಪ್ಪಿಕೊಳ್ಳುತ್ತಾನೆ. ಇವು ಕಟಕಟೆಯಲ್ಲಿ ನಿಂತವನಿಗೆ ಸಲ್ಲುವ ಕ್ರಿಯೆಗಳು. ವೈದ್ಯನ ಕೆಲಸವಾದರೋ ಕರ್ತೃವಿಲ್ಲದ ಕರ್ಮಣಿಪ್ರಯೋಗದಲ್ಲಿ ಬರುತ್ತದೆ: ಔಷಧಿಯು ಕೊಡಲ್ಪಟ್ಟಿತು, ಹೊಟ್ಟೆಯು ಕೊಯ್ಯಲ್ಪಟ್ಟಿತು. ಮಾಡಿದವನಾರೆಂಬುದು ವಾಕ್ಯದಲ್ಲಿಲ್ಲ. ಹೀಗೆ ಒಂದೇ ಬರಹದಲ್ಲಿ ರೋಗಿಗೆ ಹೊಣೆಯುಳ್ಳ ವ್ಯಾಕರಣ, ವೈದ್ಯನಿಗೆ ಹೊಣೆಯಿಲ್ಲದ ವ್ಯಾಕರಣ.

ಈ ವ್ಯಾಕರಣವನ್ನು ಮುರಿದ ವೃತ್ತಾಂತವೊಂದು ಅದೇ ಮಾಲೆಯಲ್ಲಿದೆ. ೨೦೧೦ನೆಯ ವರ್ಷದ ೩೪ನೆಯದು. ೬೫ ವರ್ಷದ ಸ್ತ್ರೀಯೊಬ್ಬಳ ಎಡಗೈಯ ಉಂಗುರಬೆರಳು ಮಡಿಸಿದರೆ ಬಿಡದೆ ಸಿಕ್ಕಿಕೊಳ್ಳುತ್ತಿದ್ದಿತು. ಅದನ್ನು ಬಿಡಿಸಬೇಕಾಗಿದ್ದ ಶಸ್ತ್ರವೈದ್ಯ ಡೇವಿಡ್ ರಿಂಗ್, ಅದರ ಬದಲಾಗಿ ಅದೇ ಕೈಯ ಮಣಿಕಟ್ಟಿನ ನರದ ಒತ್ತಡವನ್ನು ಬಿಡಿಸುವ ಬೇರೆಯೇ ಶಸ್ತ್ರಕ್ರಿಯೆಯನ್ನು ಮಾಡಿದನು. ಕೊಠಡಿಯಿಂದ ಹೊರಗೆ ಬಂದು ಮಾಡಿದ ಕೆಲಸದ ವರದಿಯನ್ನು ಹೇಳಿ ಬರೆಯಿಸುವಾಗ ತಪ್ಪು ಹೊಳೆಯಿತು. ಕೂಡಲೇ ರೋಗಿಗೆ ಅದನ್ನು ತಿಳಿಸಿ, ಕ್ಷಮೆಯನ್ನು ಕೇಳಿ, ಅವಳ ಒಪ್ಪಿಗೆಯನ್ನು ಪಡೆದು ಸರಿಯಾದ ಶಸ್ತ್ರಕ್ರಿಯೆಯನ್ನು ಮಾಡಿದನು. ಬಳಿಕ ತನ್ನ ಹೆಸರನ್ನೇ ಹಾಕಿ, ತಪ್ಪಾದ ಶಸ್ತ್ರಕ್ರಿಯೆಯೆಂಬ ಮಾತನ್ನು ಶೀರ್ಷಿಕೆಯಲ್ಲಿಯೇ ಇರಿಸಿ, ಜಗತ್ತಿನ ವೈದ್ಯರೆಲ್ಲ ಓದುವ ಪತ್ರಿಕೆಯಲ್ಲಿ ಸಹಲೇಖಕರೊಡನೆ ಅದನ್ನು ಪ್ರಕಟಿಸಿದನು.

ತಪ್ಪು ಹೇಗಾಯಿತೆಂಬುದರ ವಿವರವೇ ಈ ವೃತ್ತಾಂತದ ಸಾರವಾದ ಭಾಗ. ಕೊಠಡಿ ಬದಲಾಗಿದ್ದಿತು, ಮೊದಲು ರೋಗಿಯನ್ನು ವಿಚಾರಿಸಿದ್ದ ದಾದಿಯು ಅಲ್ಲಿರಲಿಲ್ಲ, ಕೈಗೆ ಹಾಕಿದ್ದ ಗುರುತು ತೊಳೆಯುವಾಗ ಅಳಿಸಿಹೋಗಿದ್ದಿತು. ಇವೆಲ್ಲಕ್ಕಿಂತಲೂ ನಮ್ಮನ್ನು ತಡೆದು ನಿಲ್ಲಿಸುವುದು ಇನ್ನೊಂದು ಸಂಗತಿ. ರೋಗಿಯು ಸ್ಪ್ಯಾನಿಷ್ ಭಾಷೆಯವಳು. ದುಭಾಷಿಯು ದೊರೆಯಲಿಲ್ಲ. ಆ ಭಾಷೆಯನ್ನು ಬಲ್ಲ ವೈದ್ಯನೇ ಅವಳೊಡನೆ ಮಾತನಾಡಿದನು. ಕತ್ತಿಯನ್ನು ಹಿಡಿಯುವ ಮುಂಚೆ ಎಲ್ಲರೂ ಕೆಲಸವನ್ನು ನಿಲ್ಲಿಸಿ, ರೋಗಿ ಯಾರು, ಕೊಯ್ಯುವುದು ಎಲ್ಲಿ, ಮಾಡುವುದು ಏನು ಎಂದು ಬಾಯಿಬಿಟ್ಟು ಹೇಳಬೇಕೆಂಬ ನಿಯಮವುಂಟು. ವೈದ್ಯನು ರೋಗಿಯೊಡನೆ ಸ್ಪ್ಯಾನಿಷಿನಲ್ಲಿ ಆಡಿದ ಮಾತನ್ನು ಕೇಳಿದ ದಾದಿಯು, ಆ ವಿಧಿಯೇ ನಡೆದುಹೋಯಿತೆಂದು ಭಾವಿಸಿದಳು. ನಿಜವಾಗಿ ಅದು ನಡೆಯಲೇ ಇಲ್ಲ. ಶಬ್ದವು ಕಿವಿಗೆ ಬಿದ್ದಿತು, ಅರ್ಥವು ಬೀಳಲಿಲ್ಲ. ಶಬ್ದವಿದ್ದುದರಿಂದಲೇ ಅರ್ಥವೂ ಇದ್ದಿರಬೇಕೆಂದು ಎಲ್ಲರೂ ನಂಬಿದರು. ಶಬ್ದಾರ್ಥಗಳ ಸಾಹಿತ್ಯವನ್ನು ಕುರಿತು ನಮ್ಮ ಆಲಂಕಾರಿಕರು ಮಾಡಿದ ಚರ್ಚೆಗೆ ಇದಕ್ಕಿಂತ ಕಠೋರವಾದ ಉದಾಹರಣೆಯನ್ನು ನಾವು ಕಂಡಿಲ್ಲ.

ಈ ಮಾಲೆಯಲ್ಲಿ ನಾವು ಓದಿದವುಗಳ ಪೈಕಿ ಇದನ್ನೇ ಶ್ರೇಷ್ಠವೆಂದು ಎಣಿಸುತ್ತೇವೆ. ಇದರಲ್ಲಿ ಒಗಟಿಲ್ಲ, ಉತ್ತರವು ಶೀರ್ಷಿಕೆಯಲ್ಲಿಯೇ ಇದೆ. ಅಪೂರ್ವವಾದ ರೋಗವೂ ಇಲ್ಲ. ಇಲ್ಲಿ ಪರೀಕ್ಷೆಗೆ ಗುರಿಯಾದುದು ರೋಗಿಯ ದೇಹವಲ್ಲ, ಆಸ್ಪತ್ರೆಯ ದೇಹ. ಕಾಡ್ಮನ್ನನು ಯಾವುದಕ್ಕಾಗಿ ಹೊರಗೆ ಹೋಗಬೇಕಾಯಿತೋ ಅದೇ ಬಗೆಯ ಬರಹವು ೯೬ ವರ್ಷಗಳ ಮೇಲೆ ಅದೇ ಆಸ್ಪತ್ರೆಯ ಮಾಲೆಯೊಳಕ್ಕೆ ಬಂದಿತು. ಆದರೂ ಒಂದು ಆಕ್ಷೇಪಣೆಯನ್ನು ಹೇಳದೆ ಬಿಡಲಾಗದು. ತಪ್ಪು ನಡೆದುದು ಭಾಷೆಯ ಮೂಲಕ. ಆದರೆ ಆ ಸ್ತ್ರೀಯು ತನ್ನ ಭಾಷೆಯಲ್ಲಿ ಏನೆಂದಳೆಂಬುದು ಈ ವೃತ್ತಾಂತದಿಂದಲೂ ನಮಗೆ ಕೇಳಿಸುವುದಿಲ್ಲ. ವೈದ್ಯನು ತನ್ನ ವ್ಯಾಕರಣವನ್ನು ತಿದ್ದಿಕೊಂಡನು. ರೋಗಿಗೆ ಇನ್ನೂ ವಾಕ್ಯವೇ ಸಿಕ್ಕಿಲ್ಲ.

ಈ ಆಕ್ಷೇಪಣೆಯು ಕನ್ನಡನಾಡಿನ ಬೋಧನಾಸ್ಪತ್ರೆಗಳಿಗೆ ಬಂದಾಗ ಇಮ್ಮಡಿಯಾಗುತ್ತದೆ. ಮೈಸೂರು ವೈದ್ಯಕಾಲೇಜು ೧೯೨೪ರಲ್ಲಿ ಪ್ರಾರಂಭವಾದಂದಿನಿಂದ ನಮ್ಮಲ್ಲಿ ರೋಗಿಯು ಹೇಳುವುದು ಕನ್ನಡದಲ್ಲಿ, ವಿದ್ಯಾರ್ಥಿಯು ಬರೆಯುವುದು ಇಂಗ್ಲಿಷಿನಲ್ಲಿ. ಅಂದರೆ ಪ್ರತಿಯೊಂದು ವೃತ್ತಾಂತವೂ ಮೂಲವು ಕಳೆದುಹೋದ ಒಂದು ಭಾಷಾಂತರ. ಆ ಭಾಷಾಂತರದ ಗುಣದೋಷಗಳನ್ನು ಪರೀಕ್ಷಿಸುವವರು ಯಾರೂ ಇಲ್ಲ.

ಹಳೆಯ ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಬಡತನವಿಲ್ಲ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ವಿಷವೈದ್ಯವನ್ನು ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಪ್ರಸಿದ್ಧವಾಗಿವೆ. ಆದರೆ ಇವು ಶಾಸ್ತ್ರಗಳು. ಲಕ್ಷಣ, ಯೋಗ, ಪಥ್ಯಗಳು ಇವುಗಳ ಪ್ರಧಾನವಿಷಯ. ಇಂಥ ಊರಿನ ಇಂಥವನಿಗೆ ಹಾವು ಕಚ್ಚಿತು, ಅವನು ಹೀಗೆಂದನು, ಮೂರನೆಯ ಜಾವಕ್ಕೆ ಹೀಗಾದನು ಎನ್ನುವ ಬಗೆಯ ನಿರೂಪಣೆಗೆ ಶಾಸ್ತ್ರಪದ್ಧತಿಯಲ್ಲಿ ಸ್ಥಾನವಿರಲಿಲ್ಲ. ವಚನಕಾರರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ಅವನಲ್ಲಿಯೂ ವೈದ್ಯವು ಭವರೋಗದ ರೂಪಕವಾಗಿ ಮೇಲಕ್ಕೇರಿತು. ಆದುದರಿಂದ ರೋಗಿವೃತ್ತಾಂತದ ಗದ್ಯಕ್ಕೆ ಕನ್ನಡದಲ್ಲಿ ಪೂರ್ವಿಕರ ಮಾದರಿಯನ್ನು ಗ್ರಂಥಗಳಲ್ಲಿ ಅರಸಿ ಪ್ರಯೋಜನವಿಲ್ಲ. ಮಾದರಿಯಿರುವುದು ರೋಗಿಗಳ ಬಾಯಲ್ಲಿ.

ನೋವಿನ ವಿಷಯವೊಂದನ್ನೇ ತೆಗೆದುಕೊಳ್ಳಬಹುದು. ಕನ್ನಡಿಗನಿಗೆ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ, ಹೊಟ್ಟೆ ಮುರಿಯುತ್ತದೆ ಇಲ್ಲವೆ ತೊಳಸುತ್ತದೆ, ಕರುಳು ಕಿತ್ತುಬರುತ್ತದೆ, ಸೊಂಟ ಹಿಡಿಯುತ್ತದೆ, ಬೆನ್ನಿನಲ್ಲಿ ಚಳುಕು ಹೊಡೆಯುತ್ತದೆ, ಕಾಲು ಸೆಳೆಯುತ್ತದೆ, ಕೈ ಜೋಮು ಹಿಡಿಯುತ್ತದೆ. ಇವುಗಳಲ್ಲಿ ಒಂದೊಂದು ಕ್ರಿಯಾಪದವೂ ಒಂದೊಂದು ನಿದಾನಸೂಚನೆ. ಸೆಳೆತವು ಸ್ನಾಯುವಿನ ಕಡೆಗೂ ಚಳುಕು ನರದ ಕಡೆಗೂ ಬೆರಳು ತೋರಿಸುತ್ತವೆ. ಇಂಗ್ಲಿಷ್ ಕಾಗದದ ಮೇಲೆ ಇವುಗಳಲ್ಲಿ ಬಹುಪಾಲು ಒಂದೇ ಪದವಾಗಿ ಸಮತಟ್ಟಾಗುತ್ತವೆ. ಇಂಗ್ಲಿಷಿಗೆ ಇಂಥ ಪದಗಳಿಲ್ಲವೆಂದಲ್ಲ. ಅವಸರದಲ್ಲಿ ಬರೆಯುವ ವಿದ್ಯಾರ್ಥಿಗೆ ಆ ಭಾಷೆಯಲ್ಲಿ ಅಷ್ಟು ಸೂಕ್ಷ್ಮವು ಒದಗುವುದಿಲ್ಲ. ಪ್ರಾಂತಭೇದವೂ ಸೇರಿದರೆ ತೊಡಕು ಹೆಚ್ಚು. ಧಾರವಾಡದ ಕಡೆಯವನು ಬ್ಯಾನಿಯೆಂದರೂ ಜಡ್ಡೆಂದರೂ ಮೈಸೂರಿನ ಕಡೆಯ ವಿದ್ಯಾರ್ಥಿಯು ತನಗೆ ಪರಿಚಿತವಾದ ಯಾವುದೋ ಅರ್ಥವನ್ನು ಅದಕ್ಕೆ ಹಚ್ಚುತ್ತಾನೆ. ಬಾಸ್ಟನ್ನಿನ ದಾದಿಯು ಸ್ಪ್ಯಾನಿಷನ್ನು ಕೇಳಿದಂತೆಯೇ ಇದು.

ವಾಕ್ಯರಚನೆಯಲ್ಲಿಯೂ ಭೇದವುಂಟು. ಇಂಗ್ಲಿಷಿನಲ್ಲಿ ಜ್ವರವು ರೋಗಿಯ ಸೊತ್ತು. ಅವನು ಅದನ್ನು ಉಳ್ಳವನು. ಕನ್ನಡದಲ್ಲಿ ಜ್ವರವು ಹೊರಗಿನಿಂದ ಅವನಿಗೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಬಿಡುತ್ತದೆ. ರೋಗಿಯು ಚತುರ್ಥೀವಿಭಕ್ತಿಯಲ್ಲಿ ನಿಂತಿರುತ್ತಾನೆ. ಬಂದುದು ಯಾವಾಗ, ಬಿಟ್ಟುದು ಯಾವಾಗ ಎಂಬ ಕಾಲಕ್ರಮವು ಈ ಕ್ರಿಯಾಪದಗಳೊಳಗೇ ಇರುವುದರಿಂದ, ಹಿಪೋಕ್ರಟೀಸನ ದಿನಚರಿಗಳಿಗೆ ಬೇಕಾದ ಗದ್ಯವು ನಮ್ಮ ಹಳ್ಳಿಯ ಮುದುಕಿಯ ನಾಲಗೆಯಲ್ಲಿ ಸಿದ್ಧವಾಗಿದೆಯೆಂದರೆ ಅತಿಶಯೋಕ್ತಿಯಾಗದು.

ವೈದ್ಯಶಿಕ್ಷಣವೆಲ್ಲವೂ ಕನ್ನಡದಲ್ಲಿಯೇ ಆಗಬೇಕೆಂಬ ದೊಡ್ಡ ವಿವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಬೇಡುವುದು ಬಹಳ ಸಣ್ಣದು. ಇಂಗ್ಲಿಷ್ ವೃತ್ತಾಂತದ ತಲೆಯಲ್ಲಿ ರೋಗಿಯು ಆಡಿದ ಮೊದಲ ಎರಡು ಮೂರು ವಾಕ್ಯಗಳನ್ನು ಆಡಿದಂತೆಯೇ ಕನ್ನಡದಲ್ಲಿ ಬರೆದಿಡಬೇಕು. ಅದರ ಕೆಳಗೆ ಭಾಷಾಂತರವು ಬರಲಿ. ಹೀಗೆ ಬರೆದಿಟ್ಟರೆ ಆ ಮಾತನ್ನು ಹಿರಿಯ ವೈದ್ಯನು ಮತ್ತೆ ನೋಡಬಹುದು, ಭಾಷಾಂತರವು ಸರಿಯೆ ಎಂದು ಕೇಳಬಹುದು. ನಿಘಂಟುಕಾರರಿಗೂ ಅದರಿಂದ ಸಾಮಗ್ರಿ ದೊರೆಯುತ್ತದೆ. 'ಸಂಕಟ'ವೆಂಬ ಒಂದು ಪದವನ್ನು ಎತ್ತಿಕೊಂಡರೂ ಸಾಕು: ಹೊಟ್ಟೆಯಲ್ಲಿ ಸಂಕಟವೆಂದರೆ ವಾಂತಿ ಬರುವಂತಾಗುವುದು, ಎದೆಯಲ್ಲಿ ಸಂಕಟವೆಂದರೆ ಉರಿಯೂ ಇರಬಹುದು, ಹೃದಯದ ಬಾಧೆಯೂ ಇರಬಹುದು, ಸ್ಥಳವನ್ನು ಹೇಳದೆ ಸುಮ್ಮನೆ ಸಂಕಟವೆಂದು ಹೇಳಿ ಸೆರಗಿನಿಂದ ಬೆವರನ್ನು ಒರೆಸಿಕೊಂಡರೆ ಅದಕ್ಕೆ ಬೇರೆಯೇ ಅರ್ಥ. ಈ ಪದವನ್ನು ನಮ್ಮ ವಿದ್ಯಾರ್ಥಿಗಳು ಎಷ್ಟು ಬಗೆಯಾಗಿ ಇಂಗ್ಲಿಷಿಗೆ ತರುತ್ತಾರೆ, ಅವುಗಳಲ್ಲಿ ಎಷ್ಟು ಹೊಂದುತ್ತವೆ ಎಂಬುದನ್ನು ಯಾವುದಾದರೊಂದು ಆಸ್ಪತ್ರೆಯಲ್ಲಿ ಕನ್ನಡದ ಅಧ್ಯಾಪಕರೊಬ್ಬರೂ ವೈದ್ಯರೊಬ್ಬರೂ ಜತೆಯಾಗಿ ಕುಳಿತು ಒಂದು ವರ್ಷದ ಕಾಗದಗಳಿಂದ ಪಟ್ಟಿಮಾಡುವುದು ಅಸಾಧ್ಯವಾದ ಕೆಲಸವಲ್ಲ.